ಬಂಗಲೆಯ ಹಿಂದಿನ ಕಟ್ಟಡಗಳು



ಸಕಲೇಶಪುರದಿಂದ ಹೆತ್ತೂರು, ವನಗೂರುಗಳನ್ನು ದಾಟಿ ಬಿಸಿಲೆ ಘಾಟಿಯತ್ತ ನೀವು ಎಂದಾದರೂ ಪ್ರಯಾಣ ಮಾಡಿರಬಹುದು. ದಾರಿಯಲ್ಲಿ ಮಂಕನಹಳ್ಳಿಯ ಹತ್ತಿರ ಮಳೆಯ ನೀರು ಇಬ್ಭಾಗವಾಗುವ ಬೆಟ್ಟದ ನೆತ್ತಿಯೊಂದಿದೆ. ಅಲ್ಲಿ ಬಿದ್ದ ನೀರು ಒಂದು ಬದಿಗೆ ಹರಿದರೆ ಹೇಮಾವತಿಯನ್ನು ಸೇರಿ ಕಾವೇರಿಯೊಡನೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಬದಿಗೆ ಹರಿದರೆ ಕುಮಾರಧಾರೆಗೆ ಇಳಿದು, ನೇತ್ರಾವತಿಯೊಡನೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಪ್ರವಾಸಿಗಳು ಅಲ್ಲಿ ಒಂದು ಛಾಯಾಚಿತ್ರ ತೆಗೆದುಕೊಂಡು ಮುಂದೆ ಹೋಗುತ್ತಾರೆ, ಬಿಸಿಲೆಯ ವೀಕ್ಷಣಾ ಕಟ್ಟೆಯಿಂದ ಕುಮಾರ ಪರ್ವತವನ್ನು ನೋಡುತ್ತಾರೆ, ಸಂಜೆಗೆ ಯಾವುದಾದರೊಂದು ಹಳೆಯ ತೋಟದ ಬಂಗಲೆಗೆ ಬಂದು ಅದರ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಾರೆ. ಬಂಗಲೆಯ ಎತ್ತರದ ಬಾಗಿಲುಗಳನ್ನೂ ಬೀಟೆ ಮರದ ಕುರ್ಚಿಗಳನ್ನೂ ಮೆಚ್ಚುವ ಇವರು ಅದರ ಹಿಂದಿನ ಇಳಿಜಾರಿಗೆ ಇಳಿಯುವುದು ಅಪರೂಪ. ಆ ಇಳಿಜಾರಿನಲ್ಲಿರುವ ಪಲ್ಪರ್ ಮನೆ, ಕಣ, ಗೋದಾಮು, ಕೊಟ್ಟಿಗೆ, ರೈಟರ ಕೋಣೆ ಮತ್ತು ಕೂಲಿ ಲೈನುಗಳ ಬಗ್ಗೆ ಈ ಲೇಖನ.

ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳಿಗೆ ಬಂಗಲೆಗಿಂತ ಈ ಕಟ್ಟಡಗಳೇ ಹೆಚ್ಚು ಹತ್ತಿರದವು. ದಕ್ಷಿಣ ಕನ್ನಡದಿಂದ ಘಾಟಿ ಹತ್ತಿ ಬಂದ ಹಿರಿಯರಲ್ಲಿ ಕೆಲವರು ರೈಟರಾಗಿ, ಕೆಲವರು ಮೇಸ್ತ್ರಿಗಳಾಗಿ, ಕೆಲವರು ಬಡಗಿಗಳೂ ಗಾರೆಯವರೂ ಆಗಿ, ಬಹಳ ಮಂದಿ ಹಣ್ಣು ಕೊಯ್ಯುವವರಾಗಿ ಇಲ್ಲಿ ನೆಲೆ ಕಂಡರು. ಅವರಲ್ಲಿ ಹೆಚ್ಚಿನವರು ಬಂಗಲೆಯ ಮುಂಬಾಗಿಲಿನಿಂದ ಒಳಗೆ ಹೋದವರಲ್ಲ. ಅವರ ದಿನಗಳು ಕಳೆದದ್ದು ಸ್ಟೋರಿನ ಅಂಗಳದಲ್ಲಿ, ರಾತ್ರಿಗಳು ಕಳೆದದ್ದು ಲೈನಿನಲ್ಲಿ.

ಈ ಸೀಮೆ ಆಗ ಮಂಜರಾಬಾದ್ ಎಂಬ ಹೆಸರಿನ ತಾಲ್ಲೂಕು. ಬಾಬಾಬುಡನ್ ಗಿರಿಯಲ್ಲಿ ಕಾಫಿ ಬೇರೂರಿದ್ದು ಬಹಳ ಹಿಂದೆ. ಆದರೆ ದಕ್ಷಿಣ ಮಂಜರಾಬಾದಿನಲ್ಲಿ ಗ್ರೀನ್ ಎಂಬ ಆಂಗ್ಲರು ತೋಟ ತೆರೆದದ್ದು 1843ರಲ್ಲಿ. ಹದಿಹರೆಯದಲ್ಲಿಯೇ ಇಲ್ಲಿಗೆ ಬಂದ ರಾಬರ್ಟ್ ಎಲಿಯಟ್ 1850ರ ದಶಕದ ನಡುವಿನಲ್ಲಿ ತಮ್ಮ ತೋಟವನ್ನು ಆರಂಭಿಸಿದರು. 1871ರಲ್ಲಿಯೂ 1894ರಲ್ಲಿಯೂ ಅವರು ಪ್ರಕಟಿಸಿದ ಗ್ರಂಥಗಳು ಈ ಬೆಟ್ಟಗಳ ತೋಟಗಾರಿಕೆಯ ಚರಿತ್ರೆಗೆ ಇಂದಿಗೂ ಆಧಾರ. ಆ ಮೊದಲ ತಲೆಮಾರಿನ ದೊರೆಗಳು ತಮಗಾಗಿ ಕಟ್ಟಿಕೊಂಡ ಮನೆಗಳಿಗೂ ಮಣ್ಣಿನ ಗೋಡೆ, ಹುಲ್ಲಿನ ಮಾಡು. ಗಿಡ ಉಳಿಯುತ್ತದೋ ಇಲ್ಲವೋ ಎಂಬುದೇ ಖಚಿತವಿಲ್ಲದಿರುವಾಗ ಕಲ್ಲಿನ ಕಟ್ಟಡಕ್ಕೆ ಹಣ ಸುರಿಯುವವರಾರು? 1860ರ ದಶಕದಲ್ಲಿ ಬಿಳಿ ಕಾಂಡಕೊರಕ ಹುಳು ತೋಟಗಳನ್ನೇ ಮುಗಿಸಿತು. ಮುಂದಿನ ದಶಕದಲ್ಲಿ ಎಲೆತುಕ್ಕು ರೋಗ ಕಾಣಿಸಿಕೊಂಡಿತು. ಇವೆರಡನ್ನೂ ತಾಳಿಕೊಂಡು, ನೆರಳಿನ ಮರಗಳನ್ನು ಉಳಿಸಿಕೊಂಡು ನಿಂತ ತೋಟಗಳಲ್ಲಿ ಮಾತ್ರ ಕಲ್ಲು, ಗಾರೆ, ಹಂಚುಗಳ ಕಟ್ಟಡಗಳು ಎದ್ದವು. ಹಳೆಯ ತೋಟವೊಂದರಲ್ಲಿ ಗಟ್ಟಿಯಾದ ಗೋದಾಮು ಕಂಡರೆ, ಆ ತೋಟ ಆ ಕೆಟ್ಟ ಕಾಲವನ್ನು ದಾಟಿ ಬಂದದ್ದು ಎಂದು ಊಹಿಸಬಹುದು.

ಪಲ್ಪರ್ ಮನೆಯನ್ನು ಕಟ್ಟುವವರು ಮೊದಲು ಹುಡುಕುತ್ತಿದ್ದುದು ನೀರನ್ನು, ಆಮೇಲೆ ಇಳಿಜಾರನ್ನು. ಈ ಎರಡೂ ಸೇರುವ ಸ್ಥಳ ಸಿಕ್ಕರೆ ಮಿಕ್ಕದ್ದನ್ನು ಬೆಟ್ಟವೇ ಮಾಡಿಕೊಡುತ್ತಿತ್ತು. ಮೇಲಿನ ಹಳ್ಳದಿಂದ ಕಾಲುವೆಯಲ್ಲಿ ನೀರು ಬರುತ್ತದೆ. ಅತ್ಯಂತ ಎತ್ತರದ ಮಟ್ಟದಲ್ಲಿ ಹಣ್ಣು ಸುರಿಯುವ ತೊಟ್ಟಿ. ಅದರ ಕೆಳಗೆ ಪಲ್ಪರ್ ಯಂತ್ರ. ಅದಕ್ಕೂ ಕೆಳಗೆ ಬೀಜ ಹುಳಿಯುವ ತೊಟ್ಟಿಗಳು, ಇನ್ನೂ ಕೆಳಗೆ ತೊಳೆಯುವ ತೊಟ್ಟಿಗಳು, ಕೊನೆಗೆ ಸಮತಟ್ಟಾದ ಕಣ. ಹಣ್ಣನ್ನು ಒಮ್ಮೆ ತಲೆಹೊರೆಯಲ್ಲಿ ಮೇಲಕ್ಕೆ ತಂದು ಸುರಿದರೆ ಸಾಕು, ಅಲ್ಲಿಂದ ಮುಂದೆ ನೀರೇ ಅದನ್ನು ಇಳಿಸಿಕೊಂಡು ಹೋಗುತ್ತದೆ. ವಿದ್ಯುಚ್ಛಕ್ತಿ ಬರುವುದಕ್ಕೆ ಎಷ್ಟೋ ದಶಕ ಮೊದಲು, ಕೈಯಿಂದ ತಿರುಗಿಸುವ ಪಲ್ಪರೋ ನೀರಿನ ಚಕ್ರವೋ ಇದ್ದ ಕಾಲದಲ್ಲಿ ಇಂತಹ ಕಟ್ಟಡವನ್ನು ಯೋಚಿಸಿದವರ ಬುದ್ಧಿಯನ್ನು ಮೆಚ್ಚಲೇಬೇಕು. ಬಂಗಲೆಯ ಶೈಲಿಯನ್ನು ಸೀಮೆಯಿಂದ ತಂದಿರಬಹುದು. ಈ ಮೆಟ್ಟಿಲು ಮೆಟ್ಟಿಲಾದ ಕಟ್ಟಡದ ನಕ್ಷೆಯನ್ನು ಮಾತ್ರ ಆಯಾ ಗುಡ್ಡದ ಮೈಯೇ ನಿರ್ಧರಿಸಿದೆ. ಆದುದರಿಂದಲೇ ಎರಡು ತೋಟಗಳ ಬಂಗಲೆಗಳು ಒಂದನ್ನೊಂದು ಹೋಲಬಹುದು, ಅವುಗಳ ಪಲ್ಪರ್ ಮನೆಗಳು ಹೋಲುವುದಿಲ್ಲ.

ಯಂತ್ರವಾದರೋ ಬಹು ದೂರದಿಂದ ಬಂದದ್ದು. ಹಳೆಯ ಪಲ್ಪರ್‌ಗಳ ಎರಕದ ಕಬ್ಬಿಣದ ಮೇಲೆ ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಮೆಕಿನ್ನನ್ ಕಂಪನಿಯ ಹೆಸರನ್ನೋ, ಲಂಡನ್ನಿನ ಜಾನ್ ಗೋರ್ಡನ್ ಕಂಪನಿಯ ಹೆಸರನ್ನೋ ಓದಬಹುದು. ತಿರುಗುವ ಭಾಗಕ್ಕೆ ಉಬ್ಬು ಮೂಡಿಸಿದ ತಾಮ್ರದ ತಗಡು ಹೊದಿಸಿರುತ್ತಾರೆ. ಆ ಉಬ್ಬುಗಳಿಗೆ ಉಜ್ಜಿ ಹಣ್ಣಿನ ಸಿಪ್ಪೆ ಕಳಚಿ, ಲೋಳೆ ಮೆತ್ತಿದ ಬೀಜ ಒಂದು ಕಡೆಗೂ ಸಿಪ್ಪೆ ಇನ್ನೊಂದು ಕಡೆಗೂ ಬೀಳುತ್ತದೆ. ಅರೇಬಿಕಾ ಬೀಜದ ಲೋಳೆ ಕರಗಲು ತೊಟ್ಟಿಯಲ್ಲಿ ಸುಮಾರು 24ರಿಂದ 36 ಗಂಟೆ ಹುಳಿಯಬೇಕು. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪ್ ಮಾಡಬೇಕು, ಮರುದಿನಕ್ಕೆ ಇಟ್ಟರೆ ಕಾಫಿಯ ರುಚಿ ಕೆಡುತ್ತದೆ. ಹೀಗಾಗಿ ಕೊಯ್ಲಿನ ದಿನಗಳಲ್ಲಿ ಲಾಟೀನಿನ ಬೆಳಕಿನಲ್ಲಿ ಅರ್ಧರಾತ್ರಿಯವರೆಗೂ ಕೆಲಸ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ ತಾನೆ? ಕ್ರಿಸ್ತ ಜಯಂತಿಯ ಜಾಗರಣೆಯ ರಾತ್ರಿಯೂ ಈ ಬಿಡುವಿಲ್ಲದ ವಾರಗಳ ನಡುವೆಯೇ ಬರುತ್ತಿತ್ತು. ಪಲ್ಪಿನ ಹುಳಿ ವಾಸನೆಯನ್ನು ಕೈಯಲ್ಲೇ ಉಳಿಸಿಕೊಂಡು ರಾತ್ರಿಯ ಪೂಜೆಗೆ ನಡೆದು ಬಂದವರ ನೆನಪು ನಿಮ್ಮ ಮನೆಯ ಹಿರಿಯರಿಗೂ ಇದ್ದೀತು.

ಸ್ಟೋರಿನ ಮುಂದೆ ಅಗಲವಾದ ಜಗಲಿ, ಅದರ ಮೇಲೆ ಚಾಚಿದ ಮಾಡು. ಸಂಜೆ ಕೊಯ್ಲಿನವರು ಚೀಲಗಳನ್ನು ಹೊತ್ತು ಇಲ್ಲಿಗೇ ಬರಬೇಕು. ಹಣ್ಣನ್ನು ಬುಷೆಲ್ ಪೆಟ್ಟಿಗೆಯಲ್ಲಿ ಅಳೆದು ರೈಟರು ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದರು. ಪೆಟ್ಟಿಗೆಯನ್ನು ಸಮನಾಗಿ ಸವರಬೇಕೇ, ಗೋಪುರವಾಗಿ ತುಂಬಬೇಕೇ ಎಂಬ ಸಣ್ಣ ವಿಷಯದಲ್ಲಿ ಒಬ್ಬ ತಾಯಿಯ ಆ ದಿನದ ಗಳಿಕೆ ಅಡಗಿತ್ತು. ಬಟವಾಡೆ ನಡೆಯುತ್ತಿದ್ದ ಸಣ್ಣ ಕಿಟಕಿಯೂ ಇದೇ ಜಗಲಿಗೆ ತೆರೆಯುತ್ತಿತ್ತು. ಕಿಟಕಿಯ ಒಳಗಿನ ನೆಲ ಎತ್ತರ, ಹೊರಗಿನದು ತಗ್ಗು. ಹಣ ಪಡೆಯುವವರು ಕತ್ತೆತ್ತಿ ಕೈ ಚಾಚಬೇಕು.

ಕಣ ಮೊದಲು ಸಗಣಿ ಸಾರಿಸಿದ ನೆಲವಾಗಿತ್ತು. ಬೀಜಕ್ಕೆ ಮಣ್ಣಿನ ವಾಸನೆ ತಾಗುತ್ತದೆಂದು ಬರಬರುತ್ತ ಇಟ್ಟಿಗೆ ಹಾಸಿ ಗಾರೆ ಬಳಿದರು, ಮುಂದೆ ಸಿಮೆಂಟು ಬಂತು. ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಿ. ಆಲೂರಿನ ಕಡೆಗೆ, ಮಳೆ ಕಡಿಮೆಯಾಗುತ್ತ ಬಯಲು ತೆರೆದುಕೊಳ್ಳುವಲ್ಲಿ, ವಿಶಾಲವಾದ ಕಣಕ್ಕೆ ಜಾಗವೂ ಇದೆ, ಬಿಸಿಲೂ ಇದೆ. ಬಿಸಿಲೆಯ ಕಡೆಗೆ ಹೋದಂತೆ, ಹೆಸರಿನಲ್ಲಿ ಬಿಸಿಲು ಕೇಳಿಸಿದರೂ, ವರ್ಷಕ್ಕೆ ಹಲವೆಡೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿ ಮಾಡುಗಳು ಕಡಿದಾಗುತ್ತವೆ, ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚುತ್ತದೆ, ಕಣ ಚಿಕ್ಕದಾಗುತ್ತದೆ.

ಆ ದಟ್ಟ ಕಾಡಿನ ಅಂಚಿನಲ್ಲಿ ಇನ್ನೊಂದು ಬಗೆಯ ಕಟ್ಟಡವಿದೆ. ಅದು ಏಲಕ್ಕಿ ಒಣಗಿಸುವ ಮನೆ. ಏಲಕ್ಕಿಯ ಕೊಯ್ಲು ಮಳೆಗಾಲದಲ್ಲಿಯೇ ಶುರುವಾಗುವುದರಿಂದ ಸೂರ್ಯನನ್ನು ನಂಬಿ ಕೂರುವಂತಿಲ್ಲ. ನಾಲ್ಕೂ ಕಡೆ ಮುಚ್ಚಿದ ಕೋಣೆ, ಹೊರಗೋಡೆಗೆ ಒಲೆಯ ಬಾಯಿ, ಒಲೆಯ ಶಾಖವನ್ನು ಕೋಣೆಯೊಳಗೆ ಸುತ್ತಿಸಿ ಹೊಗೆಯನ್ನು ಹೊರಗೆ ಬಿಡುವ ಕಬ್ಬಿಣದ ಕೊಳವೆ, ಅದರ ಮೇಲೆ ಅಟ್ಟ ಅಟ್ಟವಾಗಿ ಜಾಲರಿಯ ತಟ್ಟೆಗಳು. ಹೊಗೆ ತಾಗಿದರೆ ಏಲಕ್ಕಿಯ ಹಸಿರು ಬಣ್ಣವೂ ಪರಿಮಳವೂ ಹಾಳು, ಶಾಖ ಹೆಚ್ಚಾದರೆ ಸಿಪ್ಪೆ ಸೀಳುತ್ತದೆ. ರಾತ್ರಿಯಿಡೀ ಒಬ್ಬರು ಬೆಂಕಿ ಕಾಯಬೇಕು. ಕಟ್ಟೆ ರೋಗ ಬಂದು ಏಲಕ್ಕಿ ತೋಟಗಳು ಸೊರಗಿದ ಮೇಲೆ ಈ ಮನೆಗಳಲ್ಲಿ ಬಹಳಷ್ಟು ಪಾಳು ಬಿದ್ದವು. ಕೊಳವೆಗಳು ಗುಜರಿಗೆ ಹೋದವು. ಒಲೆಯ ಬಾಯಿಯಿರುವ ಗೋಡೆಯೊಂದು ಕಾಡಿನ ನಡುವೆ ನಿಂತಿರುವುದನ್ನು ಕಂಡರೆ ಅದು ಏನೆಂದು ನಿಮಗೆ ಈಗ ತಿಳಿಯುತ್ತದೆ.

ಇನ್ನು ಗೋದಾಮಿಗೆ ಬರೋಣ. ನನ್ನ ಮಟ್ಟಿಗೆ ತೋಟದ ಅತ್ಯಂತ ಜಾಗರೂಕ ಕಟ್ಟಡ ಇದೇ. ಒಣಗಿದ ಪಾರ್ಚ್‌ಮೆಂಟ್ ಬೀಜ ಗಾಳಿಯ ತೇವವನ್ನೂ ಎಲ್ಲ ವಾಸನೆಯನ್ನೂ ಹೀರಿಕೊಳ್ಳುವಂಥದು. ಆದುದರಿಂದ ಎತ್ತರದ ಕಲ್ಲಿನ ಪಂಚಾಂಗ, ಅದರ ಮೇಲೆ ತೊಲೆಗಳು, ತೊಲೆಗಳ ಮೇಲೆ ಹಲಗೆಯ ನೆಲ. ಹಲಗೆಯ ಕೆಳಗೆ ಗಾಳಿಯಾಡಲು ಕಂಡಿಗಳು, ಇಲಿ ನುಗ್ಗದಂತೆ ಕಂಡಿಗೆ ಕಬ್ಬಿಣದ ಜಾಲರಿ. ಕಿಟಕಿಗಳು ಚಿಕ್ಕವು, ಎತ್ತರದಲ್ಲಿ. ಗೋಡೆಗೆ ಪ್ರತಿವರ್ಷ ಸುಣ್ಣ. ಚೀಲಗಳು ಗೋಡೆಗೆ ತಾಗದಂತೆ ನಡುವೆ ಓಣಿ. ಗೊಬ್ಬರ, ಸೀಮೆಎಣ್ಣೆ, ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತ ಇವೆಲ್ಲ ದೂರದ ಬೇರೆ ಕೊಠಡಿಯಲ್ಲಿ. ಚೀಲಗಳು ಇಲ್ಲಿಂದ ಎತ್ತಿನ ಗಾಡಿಯಲ್ಲಿ ಘಾಟಿ ಇಳಿದು ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗಳಿಗೆ, ಅಲ್ಲಿಂದ ಹಡಗಿಗೆ ಹೋಗುತ್ತಿದ್ದವು.

ಅದೇ ದಾರಿಯಲ್ಲಿ ಮೇಲಕ್ಕೆ ಬಂದದ್ದು ಹಂಚು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಶನರಿ ಅದರ ರೂವಾರಿ. ಒಂದಕ್ಕೊಂದು ಕೊಂಡಿಯಂತೆ ಕೂಡುವ ಈ ಹಂಚು ಕೈಹಂಚಿನ ಹಾಗೆ ಕೋತಿ ನಡೆದರೆ ಜಾರುತ್ತಿರಲಿಲ್ಲ, ಹುಲ್ಲಿನ ಹಾಗೆ ವರ್ಷವರ್ಷವೂ ಹೊದಿಸಬೇಕಾಗಿರಲಿಲ್ಲ, ಬೆಂಕಿಗೂ ಹೆದರಬೇಕಾಗಿರಲಿಲ್ಲ. ಕ್ರೈಸ್ತ ಮತವನ್ನು ಸ್ವೀಕರಿಸಿ ಮನೆಮಾರು ಕಳೆದುಕೊಂಡವರಿಗೆ ಉದ್ಯೋಗ ಕೊಡುವುದಕ್ಕಾಗಿ ಆರಂಭವಾದ ಕೈಗಾರಿಕೆ ಹೀಗೆ ಮಲೆನಾಡಿನ ಮಾಡುಗಳ ಚಹರೆಯನ್ನೇ ಬದಲಿಸಿತು. ನಿಮ್ಮ ಮನೆಯ ಹಳೆಯ ಹಂಚೊಂದನ್ನು ತೆಗೆದು ಹಿಂಭಾಗವನ್ನು ನೋಡಿ. ಬಾಸೆಲ್ ಮಿಶನಿನ ಹೆಸರಿದ್ದರೆ ಅದು ಮೊದಲ ಮಹಾಯುದ್ಧಕ್ಕಿಂತ ಹಿಂದಿನದು. ಯುದ್ಧದಲ್ಲಿ ಶತ್ರುದೇಶದವರ ಆಸ್ತಿಯೆಂದು ಸರ್ಕಾರ ವಶಪಡಿಸಿಕೊಂಡ ಬಳಿಕ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಹೋದವು, ಹಂಚಿನ ಮೇಲಿನ ಹೆಸರೂ ಬದಲಾಯಿತು. ಹಂಚನ್ನು ನೋಡಿ ಕಟ್ಟಡದ ವಯಸ್ಸನ್ನು ಮಾತ್ರ ಆತುರದಲ್ಲಿ ನಿರ್ಧರಿಸಬೇಡಿ. ನಮ್ಮವರು ಹಂಚನ್ನು ಎಸೆಯುವವರಲ್ಲ. ಬಂಗಲೆಯ ಮಾಡಿನಿಂದ ಇಳಿದದ್ದು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಇಳಿದದ್ದು ಲೈನಿಗೆ ಏರಿರುತ್ತದೆ.

ಲೈನಿಗೆ ಬರುವುದನ್ನು ಇಷ್ಟು ಹೊತ್ತು ನಾನೇ ಮುಂದೂಡುತ್ತಿದ್ದೇನೆ. ಕಲ್ಲು, ನೀರು, ಇಳಿಜಾರುಗಳ ಜಾಣ್ಮೆಯನ್ನು ಹೊಗಳುವುದು ಸುಲಭ. ಅದೇ ಜಾಣ್ಮೆ ಮನುಷ್ಯರ ವಸತಿಗೆ ಬಂದಾಗ ಎಲ್ಲಿಗೆ ಹೋಯಿತು ಎಂದು ಕೇಳುವುದು ಕಷ್ಟ.

ದಂಡಿನ ಪ್ರದೇಶಗಳಲ್ಲಿ ಸಿಪಾಯಿಗಳ ಸಾಲುಮನೆಗೂ 'ಲೈನು' ಎಂಬುದೇ ಹೆಸರು. ಒಂದೇ ಮಾಡಿನ ಕೆಳಗೆ ಆರೋ ಎಂಟೋ ಹತ್ತೋ ಕೋಣೆಗಳು. ಸಾಮಾನ್ಯವಾಗಿ ಒಂದು ಕೋಣೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಅದರಲ್ಲಿ ಒಂದು ಸಂಸಾರ. ಒಂದು ಬಾಗಿಲು. ಕಿಟಕಿ ಇದ್ದರೆ ಇತ್ತು, ಇಲ್ಲವಾದರೆ ಮಾಡಿನಲ್ಲಿ ಒಂದು ಗಾಜಿನ ಹಂಚು. ಒಲೆ ಕೋಣೆಯೊಳಗೇ, ಹೊಗೆ ಹಂಚಿನ ಸಂದಿಯಲ್ಲಿ ದಾರಿ ಹುಡುಕಿಕೊಳ್ಳಬೇಕು. ಹಲವೆಡೆ ನಡುಗೋಡೆಗಳನ್ನು ಮಾಡಿನವರೆಗೆ ಏರಿಸುತ್ತಿರಲಿಲ್ಲ. ಒಂದು ಮನೆಯ ಕೆಮ್ಮು, ಜಗಳ, ಜೋಗುಳ, ಜಪಸರ ಎಲ್ಲವೂ ಸಾಲಿನ ಕೊನೆಯವರೆಗೆ ಕೇಳಿಸುತ್ತಿದ್ದವು. ನೆಲ ಮಣ್ಣಿನದು. ಜೂನ್ ತಿಂಗಳಲ್ಲಿ ಆ ನೆಲದಿಂದಲೇ ನೀರು ಜಿನುಗುವಾಗ ಗೋಣಿಚೀಲ ಹಾಸಿ ಮಕ್ಕಳನ್ನು ಮಲಗಿಸುತ್ತಿದ್ದರು. ಇನ್ನೂರು ಗಜ ದೂರದ ಗೋದಾಮಿನಲ್ಲಿ ಬೀಜದ ಚೀಲಗಳು ಹಲಗೆಯ ಮೇಲೆ, ಗಾಳಿಯಾಡುವ ಕಡೆ, ಬೆಚ್ಚಗೆ ಇರುತ್ತಿದ್ದವು. ಎರಡು ಕಟ್ಟಡಗಳನ್ನೂ ಕಟ್ಟಿದವರು ಅನೇಕ ವೇಳೆ ಅದೇ ಗಾರೆಯವರು, ಅದೇ ಬಡಗಿಗಳು. ತೇವವನ್ನು ತಡೆಯುವ ವಿದ್ಯೆ ಅವರಿಗೆ ಗೊತ್ತಿತ್ತು. ಅದನ್ನು ತಮ್ಮ ಮಕ್ಕಳು ಮಲಗುವ ನೆಲಕ್ಕೆ ಬಳಸುವಂತೆ ಅವರಿಗೆ ಯಾರೂ ಹೇಳಲಿಲ್ಲ.

ಸ್ಥಳದ ಆಯ್ಕೆಯೂ ಹಾಗೆಯೇ. ಗಾಳಿಗೂ ನೋಟಕ್ಕೂ ಬಂಗಲೆ ಗುಡ್ಡದ ಮೇಲೆ, ಕೆಲಸಕ್ಕೆ ಅನುಕೂಲವಾಗಿ ಸ್ಟೋರು ನಡುವೆ, ನೀರಿಗೆ ಹತ್ತಿರವೆಂದು ಲೈನು ಕೆಳಗೆ ಹಳ್ಳದ ಬದಿಗೆ. ಮಲೆನಾಡಿನ ಚಳಿಜ್ವರಕ್ಕೆ ಕೆಟ್ಟ ಗಾಳಿ ಕಾರಣವೆಂದು ಆಗ ನಂಬಿದ್ದರು. ಮಲೇರಿಯಾದ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಹಳ್ಳದ ಬದಿಯ ಆ ತಂಪು ಜಾಗವೇ ಸೊಳ್ಳೆಗಳ ತವರು ಎಂಬ ಅರಿವು ಮೂಡುವ ಹೊತ್ತಿಗೆ ಲೈನುಗಳು ಅಲ್ಲಿ ಬೇರುಬಿಟ್ಟಾಗಿತ್ತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅಂದು ಬಡವರ ಮನೆಗಳು ಅವರ ಸ್ವಂತ ಊರುಗಳಲ್ಲಿಯೂ ಇದಕ್ಕಿಂತ ಉತ್ತಮವಾಗಿರಲಿಲ್ಲ. ಬರಗಾಲದಲ್ಲಿ, ಸಾಲದಲ್ಲಿ ಬೆಂದು ಬಂದವರಿಗೆ ಸೋರದ ಒಂದು ಮಾಡು ದೊಡ್ಡದಾಗಿಯೇ ಕಂಡಿರಬೇಕು. ತೋಟಗಾರರೆಲ್ಲರೂ ಕಲ್ಲುಮನಸ್ಸಿನವರೂ ಆಗಿರಲಿಲ್ಲ. ಸಕಲೇಶಪುರದ ಸರ್ಕಾರಿ ಆಸ್ಪತ್ರೆಯನ್ನು ಜನ ಇಂದಿಗೂ ಕ್ರಾಫರ್ಡ್ ಆಸ್ಪತ್ರೆ ಎಂದೇ ಕರೆಯುತ್ತಾರೆ, ಅದು ಒಬ್ಬ ತೋಟಗಾರರ ಹೆಸರು. ಆದರೂ ಒಬ್ಬೊಬ್ಬರ ದಯೆಯಿಂದ ಲೈನುಗಳ ನೆಲ ಮೇಲೇರಲಿಲ್ಲ, ಅದಕ್ಕೆ ಕಾನೂನೇ ಬರಬೇಕಾಯಿತು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ತೋಟದಲ್ಲಿ ನೆಲೆಸುವ ಕಾರ್ಮಿಕರಿಗೂ ಅವರ ಕುಟುಂಬಕ್ಕೂ ವಸತಿ ಕಟ್ಟಿಕೊಡುವುದನ್ನು ಮಾಲೀಕರ ಕರ್ತವ್ಯವನ್ನಾಗಿ ಮಾಡಿತು. ಆ ಬಳಿಕ ಎದ್ದ ಲೈನುಗಳಲ್ಲಿ ಬೇರೆ ಅಡುಗೆಮನೆ, ಕಿಟಕಿ, ಸಿಮೆಂಟಿನ ನೆಲ, ಶೌಚಾಲಯಗಳು ಕಾಣಿಸಿಕೊಂಡವು. ಆರಂಭದಲ್ಲಿ ಈ ಕಾಯ್ದೆ 25 ಎಕರೆ ಅಥವಾ ಅದಕ್ಕೆ ಮೀರಿದ, 30 ಮಂದಿಗೆ ಕಡಿಮೆಯಿಲ್ಲದೆ ದುಡಿಯುವ ತೋಟಗಳಿಗೆ ಮಾತ್ರ ಅನ್ವಯಿಸಿತು. 1981ರ ತಿದ್ದುಪಡಿ ಈ ಮಿತಿಯನ್ನು 5 ಹೆಕ್ಟೇರಿಗೂ 15 ಮಂದಿಗೂ ಇಳಿಸಿತು. ಅದೇ ತಿದ್ದುಪಡಿ ಇನ್ನೊಂದನ್ನು ಸೇರಿಸಿತು. ತೋಟದ ಮನೆ ಕುಸಿದು ಕಾರ್ಮಿಕರಾಗಲಿ ಅವರ ಮನೆಯವರಾಗಲಿ ಸತ್ತರೆ ಅಥವಾ ಗಾಯಗೊಂಡರೆ ಮಾಲೀಕರು ಪರಿಹಾರ ಕೊಡಬೇಕೆಂಬ ನಿಯಮವದು. ಸ್ವಾತಂತ್ರ್ಯ ಬಂದು ಮೂವತ್ತನಾಲ್ಕು ವರ್ಷಗಳ ಮೇಲೆ ಇಂತಹ ಕಲಮೊಂದನ್ನು ಕಾಯ್ದೆಯಲ್ಲಿ ಬರೆಯಬೇಕಾಗಿ ಬಂತೆಂದರೆ, ನಮ್ಮ ದೇಶದ ತೋಟಗಳಲ್ಲಿ ಗೋಡೆಗಳ ಸ್ಥಿತಿ ಹೇಗಿತ್ತೆಂಬುದನ್ನು ನೀವೇ ಅಳೆದುಕೊಳ್ಳಬಹುದು.

ಈಗ ಈ ಕಟ್ಟಡಗಳೆಲ್ಲ ಒಂದೊಂದಾಗಿ ಮರೆಯಾಗುತ್ತಿವೆ. ಕಡಿಮೆ ನೀರಿನಲ್ಲಿ ಕೆಲಸ ಮಾಡುವ ಹೊಸ ಪಲ್ಪರ್‌ಗಳಿಗೆ ಮೆಟ್ಟಿಲು ತೊಟ್ಟಿಗಳು ಬೇಕಿಲ್ಲ. ಪಲ್ಪಿನ ನೀರನ್ನು ಹಿಂದಿನಂತೆ ಹಳ್ಳಕ್ಕೆ ಬಿಡುವಂತಿಲ್ಲ, ಅದೊಂದು ಒಳ್ಳೆಯ ಬದಲಾವಣೆಯೇ ಸರಿ. ಲೈನಿನ ಮಕ್ಕಳು ಓದಿ ಊರು ಬಿಟ್ಟರು. ಅವರ ಹಿರಿಯರು ಮಲಗಿದ್ದ ಕೋಣೆಗಳಲ್ಲಿ ಅಸ್ಸಾಮಿನಿಂದ, ಉತ್ತರ ಕರ್ನಾಟಕದಿಂದ ಬಂದವರು ಇದ್ದು ಹೋಗುತ್ತಾರೆ. ಹೇಮಾವತಿ ಜಲಾಶಯದ ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಹಳೆಯ ದೇವಾಲಯವನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆ ಜಲಾಶಯಕ್ಕೆ ನೀರು ಕಳಿಸುವ ಇದೇ ಬೆಟ್ಟಗಳಲ್ಲಿ ಪಲ್ಪರ್ ಮನೆಯೊಂದು ಕುಸಿದರೆ ಯಾರಿಗೂ ಸುದ್ದಿಯಾಗದು. ಹೋಮ್‌ಸ್ಟೇ ಮಾಡಿದವರು ಕೊಟ್ಟಿಗೆಯನ್ನು ಊಟದ ಮನೆ ಮಾಡುತ್ತಾರೆ, ಗೋದಾಮಿನ ಹಲಗೆಗೆ ಹೊಳಪು ಕೊಟ್ಟು ಅತಿಥಿಗಳ ಕೋಣೆ ಮಾಡುತ್ತಾರೆ. ಉಳಿಯಿತಲ್ಲ ಎಂದು ಅದಕ್ಕೂ ನಾನು ಸಂತೋಷಪಡುತ್ತೇನೆ. ಲೈನನ್ನು ಉಳಿಸಿಕೊಂಡವರು ಮಾತ್ರ ಕಡಿಮೆ. ಬಡತನದ ಗುರುತನ್ನು ಯಾಕೆ ಇಟ್ಟುಕೊಳ್ಳಬೇಕು ಎಂದು ಮಾಲೀಕರೂ ಕೇಳುತ್ತಾರೆ, ಅಲ್ಲಿ ಹುಟ್ಟಿದವರೂ ಕೇಳುತ್ತಾರೆ. ಅಲ್ಲಿ ಹುಟ್ಟಿದವರು ಹಾಗೆ ಕೇಳಿದಾಗ ನನ್ನಲ್ಲಿ ಉತ್ತರವಿಲ್ಲ. ಕೆಡಹುವ ಮೊದಲು ಒಮ್ಮೆ ಅಳತೆ ತೆಗೆದುಕೊಳ್ಳಿ, ಒಂದು ಚಿತ್ರ ತೆಗೆಯಿರಿ, ಯಾವ ಕೋಣೆಯಲ್ಲಿ ಯಾರಿದ್ದರೆಂದು ಮನೆಯ ಅಜ್ಜಿಯನ್ನು ಕೇಳಿ ಬರೆದಿಡಿ ಎಂದಷ್ಟೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಬಿಸಿಲೆಯ ಕಡೆಯ ಹಳೆಯ ತೋಟವೊಂದರಲ್ಲಿ ಲೈನು ಕೆಡಹುವುದನ್ನು ನೋಡುತ್ತ ನಿಂತಿದ್ದೆ. ಹಂಚುಗಳನ್ನು ಜೋಪಾನವಾಗಿ ಇಳಿಸಿ ಅಂಗಳದಲ್ಲಿ ಪೇರಿಸುತ್ತಿದ್ದರು, ಒಂದು ರೆಸಾರ್ಟಿನವರು ಒಳ್ಳೆಯ ಬೆಲೆಗೆ ಕೊಂಡಿದ್ದರಂತೆ. ನಮ್ಮ ಧರ್ಮಕೇಂದ್ರದ ವೃದ್ಧೆಯೊಬ್ಬರು ಜೊತೆಗೆ ಬಂದಿದ್ದರು. ಅವರು ಹುಟ್ಟಿದ್ದು ಆ ಸಾಲಿನ ಮೂರನೆಯ ಕೋಣೆಯಲ್ಲಿ. ಮಾಡಿಲ್ಲದ ಕೋಣೆಯೊಳಗೆ ಹೋಗಿ, ಒಲೆಯಿದ್ದ ಮೂಲೆಯ ಕಪ್ಪು ಗೋಡೆಯನ್ನು ಸ್ವಲ್ಪ ಹೊತ್ತು ನೋಡಿ, ಆಮೇಲೆ ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ಎಣಿಸಿದರು. ನಾಲ್ಕು ಹೆಜ್ಜೆಯಾಯಿತು. "ನಾವು ಒಂಬತ್ತು ಜನ ಇದ್ದೆವು" ಎಂದರು.